ಹಳೆಯ ಮೋಟಾರಿನ ಯೋಗಕ್ಷೇಮ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಮೋಟಾರು ಗಾಡಿಗಳಿದ್ದಿದ್ದರೆ “ಹಳೆಯ ಮೋಟಾರು ಕೊಂಡು ನೋಡು” ಎಂಬ ಮೂರನೆಯ ಮಾತನ್ನೂ ಸೇರಿಸದೆ ಬಿಡುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ವಾಚಕ ಮಹಾಶಯರು ನಗಬಾರದು. ಜೀವಮಾನವೆಲ್ಲ ಹುಡುಗರಿಂದ ರಾಮಶಬ್ದವನ್ನು ಒಪ್ಪಿಸಿಕೊಳ್ಳುತ್ತಿದ್ದ ನಮಗೂ ಮೋಟಾರಿಗೂ ಏನು ಸಂಬಂಧವೆಂದು ಕೇಳಿದರೆ, ಅದು ತಂಗಿಯ ಮಗನ ಮೂಲಕ ಬಂದ ಸಂಬಂಧವೆಂದು ಉತ್ತರ ಹೇಳಬೇಕಾಗುತ್ತದೆ.

ನಮ್ಮ ಈ ಸೋದರಳಿಯನು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಹೆಂಡತಿ, ಆರು ವರ್ಷದ ಮಗಳು, ಬಾಡಿಗೆಯ ಮನೆ. ಇದು ಅವನ ಸಂಸಾರ. ಕಳೆದ ಬೇಸಗೆಯಲ್ಲಿ ಅವರ ಬಲವಂತಕ್ಕೆ ಒಪ್ಪಿ ನಾವು ಎರಡು ತಿಂಗಳು ಅಲ್ಲಿ ಇದ್ದು ಬಂದೆವು. ಹೋದ ಮಾರನೆಯ ದಿನವೇ ಅವನು ಒಂದು ಚಿತ್ರವನ್ನು ನಮ್ಮ ಮುಂದಿಟ್ಟು, “ಮಾವ, ಇದನ್ನು ಕೊಳ್ಳಬೇಕೆಂದಿದ್ದೇನೆ. ನೀವು ಒಂದು ಮಾತು ಹೇಳಿದರೆ ಇವಳು ಒಪ್ಪುತ್ತಾಳೆ” ಎಂದನು. ಅದು 1972ನೆಯ ಇಸವಿಯ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಆಸನ, ಮೇಲೆ ಮಡಿಸಿ ಇಡಬಹುದಾದ ಬಟ್ಟೆಯ ಹೊದಿಕೆ. ಮಾರುವವನು ಕೇಳಿದ ಕ್ರಯ 9,000 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿ. ಸ್ವಂತ ಮನೆ ಕೊಳ್ಳುವಾಗ ಮುಂಗಡ ಕೊಡುವುದಕ್ಕೆಂದು ಗಂಡಹೆಂಡಿರು ಐದು ವರ್ಷಗಳಿಂದ ಕೂಡಿಸುತ್ತಿದ್ದ ಹಣದಿಂದಲೇ ಇದನ್ನು ತೆಗೆಯಬೇಕಾಗಿತ್ತು.

ಆ ಆಸೆಯ ಬೇರು ನಮಗೆ ಗೊತ್ತಿತ್ತು. ಅವನ ತಂದೆ, ಈಗ ದಿವಂಗತರಾದ ನಮ್ಮ ಭಾವಮೈದುನರು, ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ತೋಟದ ಸಾಹುಕಾರರಲ್ಲಿ ಇಂತಹುದೇ ಒಂದು ಕೆಂಪು ಗಾಡಿ ಇತ್ತು. ಏಳೆಂಟು ವರ್ಷದ ಹುಡುಗನು ಒಂದು ದಿನ ಅದರ ಬಾಗಿಲನ್ನು ಮುಟ್ಟಿದ್ದಕ್ಕೆ ತಂದೆ ಎಲ್ಲರ ಮುಂದೆ ಅವನಿಗೆ ಒಂದು ಏಟು ಕೊಟ್ಟು, ಅವನ ಬೆರಳಿನ ಗುರುತನ್ನು ತಮ್ಮ ಹೆಗಲ ಮೇಲಿನ ಚೌಕದಿಂದ ಒರಸಿದರಂತೆ. ಇದನ್ನು ಅವನು ನಮಗೆ ಎಂದೂ ಹೇಳಿದವನಲ್ಲ, ತಂಗಿ ಹೇಳಿದ್ದಳು. ಆದುದರಿಂದ ‘ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದಕ್ಕೆ ನಮಗೆ ಬಾಯಿ ಬರಲಿಲ್ಲ.

ವರನ ವಿಷಯದಲ್ಲಿ ಮಾಡುವಂತೆ ಮೊದಲು ಗಾಡಿಯ ಕುಲಗೋತ್ರವನ್ನು ವಿಚಾರಿಸಿದೆವು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಅದರ ಹುಟ್ಟು ಆಕ್ಸ್‌ಫರ್ಡಿನಲ್ಲಿಯೇ. 1929ರಲ್ಲಿ ಕಾರ್ಖಾನೆಯು ಸಮೀಪದ ಆಬಿಂಗ್‌ಡನ್ ಎಂಬ ಪಟ್ಟಣಕ್ಕೆ ಹೋಯಿತು. ಎಂ.ಜಿ.ಬಿ. ಗಾಡಿಯು 1962ರಿಂದ 1980ರ ವರೆಗೆ ಅಲ್ಲಿ ತಯಾರಾಯಿತು; ಒಟ್ಟು ಸಂಖ್ಯೆ ಐದು ಲಕ್ಷವನ್ನು ಮೀರಿತು; 1980ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ನಮ್ಮವರಿಗೆ ಆಶ್ಚರ್ಯವಾಗತಕ್ಕ ಸಂಗತಿಯೊಂದುಂಟು. 2014ರ ವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಗಾಡಿಗೆ ಬಹುಕಾಲ ಇದ್ದ 1489 ಸಿ.ಸಿ. ಪೆಟ್ರೋಲ್ ಇಂಜಿನ್ನೂ ಈ ಎಂ.ಜಿ.ಬಿ.ಯ 1798 ಸಿ.ಸಿ. ಇಂಜಿನ್ನೂ ಒಂದೇ ವಂಶದವು. ಎಂದರೆ, ನಮ್ಮೂರ ಟ್ಯಾಕ್ಸಿಗೆ ಈ ಕೆಂಪು ಸುಂದರಿಯು ದಾಯಾದಿಯಾಗಬೇಕು. ಕಂಪ್ಯೂಟರಿನ ಹಂಗಿಲ್ಲದ ಸರಳ ಯಂತ್ರವಾದುದರಿಂದ ಸ್ಪ್ಯಾನರ್ ಹಿಡಿಯಬಲ್ಲವನು ಮನೆಯಲ್ಲಿಯೇ ಅದರ ಎಷ್ಟೋ ಕೆಲಸಗಳನ್ನು ಮಾಡಿಕೊಳ್ಳಬಹುದು. ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ದೊರೆಯುತ್ತವೆ. 1988ರಿಂದ ಈಚೆಗೆ ಗಾಡಿಯ ಇಡೀ ಒಡಲನ್ನೇ ಹೊಸದಾಗಿ ಮಾಡಿಕೊಡುವವರೂ ಇದ್ದಾರೆ. ಹಳೆಯ ಗಾಡಿ ಕೊಳ್ಳಲೇಬೇಕೆಂದರೆ ಇಂತಹುದನ್ನು ಆರಿಸಿಕೊಳ್ಳುವುದು ಅವಿವೇಕವೇನೂ ಅಲ್ಲವೆಂದು ನಮಗೆ ಕಂಡಿತು.

ಆಗ ಅವನ ಹೆಂಡತಿಯು ಅಡಿಗೆಮನೆಯಿಂದಲೇ ಒಂದು ಮಾತು ಕೇಳಿದಳು: “ಗಾಡಿ ಚೆನ್ನಾಗಿಯೇ ಇರಬಹುದು, ಮಾವ. ನಮ್ಮ ತಲೆಯ ಮೇಲೆಯೇ ಸ್ವಂತದ ಸೂರಿಲ್ಲ. ಅದಕ್ಕೆ ಸೂರು ಎಲ್ಲಿಂದ ತರುತ್ತಾರಂತೆ?”

ಈ ಪ್ರಶ್ನೆಯು ನಮ್ಮನ್ನು ಎಚ್ಚರಿಸಿತು. ಸಂಸ್ಕೃತದಲ್ಲಿ ‘ಯೋಗಕ್ಷೇಮ’ ಎಂಬ ಶಬ್ದವಿದೆ. ಕಾಗದ ಬರೆಯುವಾಗ ಕುಶಲಪ್ರಶ್ನೆಯಾಗಿ ಅದನ್ನು ನಾವೆಲ್ಲರೂ ಬಳಸುತ್ತೇವೆ. ಆದರೆ ದೊರೆಯದುದನ್ನು ದೊರಕಿಸಿಕೊಳ್ಳುವುದು ಯೋಗ, ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಪಂಡಿತರು ಅದಕ್ಕೆ ಅರ್ಥಮಾಡುತ್ತಾರೆ. ಕೊಳ್ಳುವವನು ಸಾಮಾನ್ಯವಾಗಿ ಯೋಗದ ಕ್ರಯವನ್ನು ಮಾತ್ರ ಎಣಿಸುತ್ತಾನೆ. ಕ್ಷೇಮದ ಕ್ರಯವನ್ನು ಮನೆಯವರು ಎಣಿಸುತ್ತಾರೆ. ಹೊಸ ವಸ್ತುವಿನಲ್ಲಿ ಈ ಎರಡಕ್ಕೂ ಇರುವ ಅಂತರವು ಬೇಗ ಕಾಣುವುದಿಲ್ಲ. ಐವತ್ತು ವರ್ಷದ ವಸ್ತುವಿನಲ್ಲಿಯಾದರೋ ಕ್ರಯಪತ್ರಕ್ಕೆ ರುಜು ಹಾಕಿದ ದಿನದಿಂದಲೇ ಕ್ಷೇಮದ ಖರ್ಚು ಮೊದಲಾಗುತ್ತದೆ.

ಆ ಹುಡುಗಿಯು ಕೇಳಿ ಸುಮ್ಮನಾಗಲಿಲ್ಲ. ಆ ದೇಶದಲ್ಲಿ ಮೂರು ವರ್ಷ ಮೀರಿದ ಕಾರುಗಳನ್ನು ವರ್ಷಕ್ಕೊಮ್ಮೆ ಎಂ.ಒ.ಟಿ. ಎಂಬ ಪರೀಕ್ಷೆಗೆ ಒಪ್ಪಿಸಬೇಕು. ಗಾಡಿಯ ನಂಬರನ್ನು ಹೇಳಿದರೆ ಹಿಂದಿನ ಪರೀಕ್ಷೆಗಳ ಫಲಿತಾಂಶವನ್ನು ಸರ್ಕಾರದ ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಆದರೆ ನಲವತ್ತು ವರ್ಷ ತುಂಬಿ, ಹೆಚ್ಚಾಗಿ ಮಾರ್ಪಾಡಾಗದೆ ಇರುವ ಗಾಡಿಗಳಿಗೆ 2018ರ ಮೇ ತಿಂಗಳಿನಿಂದ ಈ ಪರೀಕ್ಷೆಯ ನಿರ್ಬಂಧವಿಲ್ಲ. ರಸ್ತೆಯ ತೆರಿಗೆಯೂ ಇಲ್ಲ. ಸೋದರಳಿಯನು ಇದನ್ನು ಲಾಭವೆಂದು ಹೇಳಿದ್ದನು. ಅವನ ಹೆಂಡತಿ ಅದನ್ನೇ ತಿರುಗಿಸಿ ನೋಡಿದಳು. ಈ ಗಾಡಿಯ ಕೊನೆಯ ಪರೀಕ್ಷೆ ನಡೆದದ್ದು 2017ರಲ್ಲಿ. ಅಂದಿನ ಟಿಪ್ಪಣಿಯಲ್ಲಿ ಬಾಗಿಲುಗಳ ಕೆಳಗಡೆ ತುಕ್ಕು ಹಿಡಿಯುತ್ತಿದೆಯೆಂದು ಬರೆದಿತ್ತು. ಅಲ್ಲಿಂದೀಚೆಗೆ ಪರೀಕ್ಷಕರು ಯಾರೂ ಅದರ ಅಡಿಗೆ ಬಗ್ಗಿ ನೋಡಿರಲಿಲ್ಲ. ಪರೀಕ್ಷೆ ಬೇಕಿಲ್ಲವೆಂಬುದಕ್ಕೂ ದೋಷವಿಲ್ಲವೆಂಬುದಕ್ಕೂ ಬಹಳ ವ್ಯತ್ಯಾಸವುಂಟು. ಕೊಳ್ಳುವ ಮೊದಲು ನಿಪುಣನೊಬ್ಬನಿಗೆ ತೋರಿಸಲೇಬೇಕೆಂದು ಅವಳು ಹಟಹಿಡಿದಳು. ಅವನಿಗೆ 150 ಪೌಂಡು ಕೊಡುವುದು ದಂಡವೆಂದು ಗಂಡನು ಗೊಣಗಿದನು. ಕೊಡತಕ್ಕದ್ದೇ ಎಂದು ನಾವು ತೀರ್ಪು ಹೇಳಿದೆವು.

ಶನಿವಾರ ಬೆಳಗ್ಗೆ ಸೋದರಳಿಯನೂ ನಾವೂ ಒಬ್ಬ ವೃದ್ಧ ಮೆಕ್ಯಾನಿಕ್ಕನನ್ನು ಕರೆದುಕೊಂಡು ಹೋದೆವು. ಮಳೆಯಲ್ಲಿ ತೊಳೆದ ಹಾಗೆ ಗಾಡಿಯು ಥಳಥಳಿಸುತ್ತಿತ್ತು. ಇಂಜಿನ್ನು ಒಂದೇ ಸಲಕ್ಕೆ ಹೊತ್ತಿತು. ಅದರ ಗಂಭೀರವಾದ ಧ್ವನಿಯನ್ನು ಕೇಳಿ ಸೋದರಳಿಯನ ಮುಖವು ಅರಳಿತು. ಮೆಕ್ಯಾನಿಕ್ಕನು ಮಾತ್ರ ಆ ಕಡೆ ಕಿವಿಗೊಡದೆ, ಜೇಬಿನಿಂದ ಬಟ್ಟೆ ಸುತ್ತಿದ ಒಂದು ಸೂಜಿಗಲ್ಲನ್ನು ತೆಗೆದು ನೆಲದ ಮೇಲೆ ಮಂಡಿಯೂರಿದನು.

ಅವನು ನಮಗೆ ತಿಳಿಸಿದ ತತ್ತ್ವವನ್ನು ವಾಚಕರೂ ತಿಳಿಯಬೇಕು. ಹಳೆಯ ಕಾಲದ ಎಷ್ಟೋ ಗಾಡಿಗಳಿಗೆ ಲಾರಿಗಿರುವಂತೆ ಅಡಿಯಲ್ಲಿ ಬೇರೆಯಾದ ಉಕ್ಕಿನ ಚೌಕಟ್ಟು ಇರುತ್ತಿತ್ತು. ಎಂ.ಜಿ.ಬಿ.ಗೆ ಅದಿಲ್ಲ, ತಗಡಿನ ಒಡಲೇ ಅದರ ಅಸ್ಥಿಪಂಜರ. ಮೇಲೆ ಗಟ್ಟಿಯಾದ ಮಾಡು ಇಲ್ಲದ ಗಾಡಿಯಾದುದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಬಿಗಿಯಾಗಿ ಹಿಡಿದಿಡುವ ಭಾರವು ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ, ಸಿಲ್ ಎಂದು ಕರೆಯುವ ಟೊಳ್ಳು ತೊಲೆಗಳ ಮೇಲೆಯೇ ಬೀಳುತ್ತದೆ. ಚಳಿಗಾಲದಲ್ಲಿ ಆ ದೇಶದ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಎರಚುತ್ತಾರೆ. ಉಪ್ಪುನೀರು ಆ ಟೊಳ್ಳಿನೊಳಗೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ನಗುತ್ತಲೇ ಇರುತ್ತದೆ. “ಇಂಜಿನ್ನು ಕೆಟ್ಟರೆ ಇಳಿಸಿ ಬೇರೆ ಹಾಕಬಹುದು. ಒಡಲು ಕೆಟ್ಟರೆ ಏನನ್ನು ಇಳಿಸುತ್ತೀರಿ?” ಎಂಬುದು ಅವನ ಮಾತಿನ ಸಾರ. ಹೊಸ ಒಡಲು ದೊರೆಯುತ್ತದೆಂಬುದು ನಿಜ. ಆದರೆ ಅದರ ಬೆಲೆಯೇ ಅಲ್ಲಿ ನಿಂತಿದ್ದ ಗಾಡಿಯ ಬೆಲೆಯನ್ನು ಮೀರುತ್ತಿತ್ತು.

ಎಡಗಡೆಯ ಸಿಲ್ಲಿಗೆ ಸೂಜಿಗಲ್ಲು ಗಟ್ಟಿಯಾಗಿ ಅಂಟಿತು. ಬಲಗಡೆ ಮುಂದಿನಿಂದ ಒಂದು ಮೊಳದವರೆಗೆ ಅಂಟಿತು. ಆಮೇಲೆ ಕಳಚಿ ಬಿದ್ದಿತು. ಇನ್ನೊಮ್ಮೆ ಇಟ್ಟರೆ ಇನ್ನೊಮ್ಮೆ ಬಿದ್ದಿತು. ಅಲ್ಲಿ ತಗಡಿನ ಬದಲು ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಅನಂತರ ಅವನು ಆ ಪಕ್ಕಕ್ಕೆ ಜಾಕು ಕೊಟ್ಟು ಎತ್ತಿದನು. ಚಕ್ರವು ನೆಲವನ್ನು ಬಿಡುವ ಮೊದಲೇ ಬಾಗಿಲಿನ ಸಂದಿಯು ಕಿರಿದಾಯಿತು. ಬಾಗಿಲು ತೆಗೆಯಲು ಹೋದರೆ ಉಜ್ಜಿತು. ಗಾಡಿಯು ನಡುವೆ ಬಾಗುತ್ತಿತ್ತೆಂದು ನಮಗೂ ಅರ್ಥವಾಯಿತು.

ಮಾರುವವನು ವಂಚಕನಾಗಿರಲಿಲ್ಲ. 2019ರಲ್ಲಿ ಕೊಂಡ ಆ ವಯೋವೃದ್ಧನಿಗೆ ತನ್ನನ್ನು ಯಾರೋ ವಂಚಿಸಿದ್ದಾರೆಂಬುದು ಆ ದಿನವೇ ತಿಳಿದದ್ದು. ಅವನು ಬಹಳ ಹೊತ್ತು ಆ ಜಾಗವನ್ನೇ ನೋಡುತ್ತ ನಿಂತಿದ್ದನು; ಕೊನೆಗೆ ನಮಗೆಲ್ಲ ಚಹಾ ತಂದುಕೊಟ್ಟನು.

ಉಳಿದ ವಿಷಯಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಇಂಜಿನ್ನನ್ನು ತಣ್ಣಗಿರುವಾಗಲೇ ಹೋಗಿ ನೋಡಬೇಕು. ಮಾರುವವನು ಮೊದಲೇ ಕಾಯಿಸಿಟ್ಟಿದ್ದರೆ ಕಾರಣ ಕೇಳಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯತಕ್ಕದ್ದು. ಗಾಡಿಯ ಮೇಲಿನ ನಂಬರುಗಳು ಕಾಗದಪತ್ರಗಳಿಗೆ ಸರಿಹೊಂದುತ್ತವೆಯೇ, ಸಾಲ ಉಳಿದಿದೆಯೇ ಎಂದು ನೋಡಬೇಕು. ಪೆಟ್ರೋಲಿನ ವಿಷಯದಲ್ಲಿಯೂ ಎಚ್ಚರ ಬೇಕು. ಬ್ರಿಟನ್ನಿನಲ್ಲಿ ಸೀಸ ಬೆರೆತ ಪೆಟ್ರೋಲು 2000ನೆಯ ಇಸವಿಯಲ್ಲಿ ನಿಂತಿತು. ಆದುದರಿಂದ ಇಂಜಿನ್ನಿನ ವಾಲ್ವುಗಳು ಕೂರುವ ಸ್ಥಾನಗಳನ್ನು ಗಟ್ಟಿಲೋಹದಿಂದ ಬದಲಿಸಿದ್ದಾರೆಯೇ ಎಂದು ಕೇಳಬೇಕು. 2021ರ ಸೆಪ್ಟೆಂಬರಿನಿಂದ ಅಲ್ಲಿಯ ಸಾಧಾರಣ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲಿನ ವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರಿನ ಕೊಳವೆಗಳಿಗೆ ಅದು ಒಗ್ಗುವುದಿಲ್ಲ. ನಮ್ಮ ದೇಶದಲ್ಲಿ ಇಪ್ಪತ್ತು ಪಾಲಿನ ಪೆಟ್ರೋಲು ಬಂದಿರುವುದರಿಂದ ಇಲ್ಲಿಯ ಹಳೆಯ ಗಾಡಿಯವರೂ ಇದನ್ನು ಗಮನಿಸತಕ್ಕದ್ದು.

ಆ ರಾತ್ರಿ ಊಟವಾದ ಮೇಲೆ ಮೂವರೂ ಕುಳಿತು ಲೆಕ್ಕ ಬರೆದೆವು. ಕ್ರಯ 9,000. ಸಿಲ್ಲುಗಳನ್ನು ಕತ್ತರಿಸಿ ಹೊಸದಾಗಿ ಬೆಸೆಯುವುದಕ್ಕೆ ಮೆಕ್ಯಾನಿಕ್ಕನು ಅಂದಾಜು ಹೇಳಿದ್ದು 3,000. ಬಾಡಿಗೆಯ ಶೆಡ್ಡಿಗೆ ತಿಂಗಳಿಗೆ 80, ಅದಲ್ಲದೆ ವಿಮೆ. ಇಷ್ಟನ್ನು ಬರೆದಾದ ಮೇಲೆ, ನಿದ್ದೆಹೋಗಿದೆಯೆಂದು ನಾವು ತಿಳಿದಿದ್ದ ಮಗುವು ಎದ್ದುಬಂದು, “ಅದರಲ್ಲಿ ನಾನು ಎಲ್ಲಿ ಕೂತುಕೊಳ್ಳಲಿ?” ಎಂದು ಕೇಳಿತು. ಯಾರಿಗೂ ಉತ್ತರ ತೋಚಲಿಲ್ಲ.

ಸೋದರಳಿಯನು ಲೇಖನಿಯನ್ನು ಕೆಳಗಿಟ್ಟು, “ಅಪ್ಪನನ್ನು ಒಂದು ಸಲ ಅಂತಹ ಗಾಡಿಯಲ್ಲಿ ಕೂರಿಸಬೇಕೆಂದಿತ್ತು, ಮಾವ. ಅವರಂತೂ ಹೋದರು. ಈಗ ಇದು ಯಾರಿಗೋಸ್ಕರವೆಂದು ನನಗೇ ಹೇಳಲು ಬರುವುದಿಲ್ಲ” ಎಂದನು. ಅವನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡವೇ ಬೇಡವೆಂದು ನಾನು ಯಾವಾಗ ಹೇಳಿದೆ? ಮೊದಲು ಮನೆಯಾಗಲಿ. ಅದರಲ್ಲಿ ಒಂದು ಶೆಡ್ಡಿರಲಿ. ಆಮೇಲೆ ಗಟ್ಟಿಯಾದುದನ್ನೇ ನೋಡಿ ತನ್ನಿ” ಎಂದಳು.

ಅಲ್ಲಿಗೆ ತೀರ್ಮಾನವಾಯಿತು. ಅದರಲ್ಲಿ ನಮ್ಮ ಪಾತ್ರವು ಬಹಳವಿಲ್ಲ. ಆದರೂ ಕಾರನ್ನಾಗಲಿ, ಹಳೆಯ ಮನೆಯನ್ನಾಗಲಿ, ಹಳೆಯ ವೀಣೆಯನ್ನಾಗಲಿ ಕೊಳ್ಳಹೊರಡುವವರಿಗೆ ನಾವು ಹೇಳುವುದು ಇಷ್ಟು: ವಸ್ತುವನ್ನು ನೋಡಿದ ಮೇಲೆ ಮನಸ್ಸು ವಕೀಲನಾಗುತ್ತದೆ, ನೋಡುವ ಮೊದಲೇ ಅದರ ಕ್ಷೇಮವು ಯಾರ ಕೈಯಲ್ಲಿ, ಯಾವ ಸೂರಿನಡಿಯಲ್ಲಿ, ಯಾವ ಹಣದಿಂದ ಎಂದು ಮನೆಯವರೊಡನೆ ಕುಳಿತು ಬರೆಯಿರಿ. ಆ ಮೂರಕ್ಕೂ ಉತ್ತರವಿದ್ದರೆ ಸಂತೋಷವಾಗಿ ಕೊಳ್ಳಿರಿ. ಹಳೆಯ ವಸ್ತುವನ್ನು ಕಾಪಾಡಿ ಉಳಿಸುವುದೂ ಒಂದು ಸತ್ಕಾರ್ಯವೇ.

ಕಳೆದ ಯುಗಾದಿಗೆ ಅವರ ಕಾಗದ ಬಂದಿತು. ಸೋದರಳಿಯನು ಗುರುವಾರ ಸಂಜೆಗಳಲ್ಲಿ ವೆಲ್ಡಿಂಗ್ ಕಲಿಯುತ್ತಿದ್ದಾನೆ. ಮನೆಯಿನ್ನೂ ಗೊತ್ತಾಗಿಲ್ಲ. “ಎಲ್ಲಿಗೆ ಮನೆ ನೋಡಲು ಹೋದರೂ ಇವರು ಅಡಿಗೆಮನೆಗೆ ಮೊದಲು ಶೆಡ್ಡಿಗೆ ನುಗ್ಗುತ್ತಾರೆ. ಮಗಳು ಅಳತೆಯ ಟೇಪು ಹಿಡಿದುಕೊಂಡು ಹಿಂದೆಯೇ ಓಡುತ್ತಾಳೆ” ಎಂದು ಅವನ ಹೆಂಡತಿ ಬರೆದಿದ್ದಾಳೆ.