ಕುಂಡೆ ಹಬ್ಬದ ಬೈಗುಳ ಮತ್ತು ಎರವರ ಲೋಕದೃಷ್ಟಿ

ದಕ್ಷಿಣ ಕೊಡಗಿನ ಬಿಟ್ಟಂಗಾಲ, ಗೋಣಿಕೊಪ್ಪ, ತಿತಿಮತಿ ಪರಿಸರದ ಕಾಫಿ ತೋಟಗಳಲ್ಲಿ ದುಡಿದು ಬಂದಿರುವ ಎರವರಲ್ಲಿ ಒಂದು ಪಂಗಡ ತನ್ನನ್ನು ‘ರಾವುಳ’ರೆಂದು ಕರೆದುಕೊಳ್ಳುತ್ತದೆ. ನೆರೆಯ ವಯನಾಡಿನಲ್ಲಿ ಇದೇ ಜನರನ್ನು ಅಡಿಯರೆನ್ನುತ್ತಾರೆ. ಹೊರಗಿನವರಿತ್ತ ಹೆಸರುಗಳು ಬೇರೆಯಾದರೂ ಲಿಪಿಯಿಲ್ಲದ ಅವರ ದ್ರಾವಿಡ ನುಡಿ ಒಂದೇ.

ಈ ಜನರ ಲೋಕದೃಷ್ಟಿಯನ್ನು ಅರಿಯಲು ದೇವರಪುರದ ಕುಂಡೆ ಹಬ್ಬ ಮುಖ್ಯ ಆಕರವಾಗಿದೆ. ಮೇ ತಿಂಗಳಿನಲ್ಲಿ ಎರವರೂ ಕುರುಬರೂ ವೇಷ ತೊಟ್ಟು, ಗಂಡಸರು ಹೆಣ್ಣುಡುಗೆಯುಟ್ಟು, ಡಬ್ಬ ಬಡಿಯುತ್ತ, ಎದುರಾದವರನ್ನೆಲ್ಲ ಬೈದು ಹಣ ಬೇಡಿ ಗುಡಿ ಸೇರುತ್ತಾರೆ. ಐತಿಹ್ಯದಂತೆ, ಅವರನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪನು ಭದ್ರಕಾಳಿಗೆ ಮನಸೋತು ಅವರನ್ನು ಕಾಡಿನಲ್ಲೇ ಕೈಬಿಟ್ಟನು. ಬೈಗುಳ ಅದಕ್ಕೆ ಕೊಟ್ಟ ಉತ್ತರ. ಕೊನೆಯಲ್ಲಿ ದೇವರ ಕ್ಷಮೆ ಬೇಡಿ ಹಿಂದಿರುಗುತ್ತಾರೆ.

ಈ ಬೈಗುಳವನ್ನು ಬರಿಯ ಅಶ್ಲೀಲವೆಂದು ತಳ್ಳಿಹಾಕುವುದು ಸಲ್ಲದು. ಇಲ್ಲಿ ನಿಂದನೆಗೆ ಒಳಗಾಗುವವನು ಶತ್ರುವಲ್ಲ, ಜೊತೆಗಿರಬೇಕಾಗಿದ್ದವನು. ವರ್ಷವಿಡೀ ತೋಟದ ಒಡೆಯರೆದುರು ತಗ್ಗಿದ ದನಿ ಅಂದು ದೇವರನ್ನೇ ಪ್ರಶ್ನಿಸುತ್ತದೆ. ಸಂಬಂಧವನ್ನು ಮಾತ್ರ ಕಡಿದುಕೊಳ್ಳುವುದಿಲ್ಲ. ಆದ್ದರಿಂದ ಸಂಗ್ರಾಹಕರು ಸಭ್ಯತೆಯ ಹೆಸರಿನಲ್ಲಿ ಬೈಗುಳವನ್ನು ಸೋಸಿ ದಾಖಲಿಸಿದರೆ ಗ್ರಂಥದಲ್ಲಿ ಉಳಿಯುವುದು ವೇಷ ಮಾತ್ರ. ಆ ಜನರ ದೂರು ಅಳಿದುಹೋಗುತ್ತದೆ.