ಸಿವಿಲ್ ತರಗತಿಯಲ್ಲಿ ಬಿಟ್ಟ ಪಾಠ, ಕಟ್ಟಡದಲ್ಲಿ ಬೀಳುವ ಬಿರುಕು

ಎಂ20 ದರ್ಜೆಯ ಕಾಂಕ್ರೀಟಿನಿಂದ 150 ಮಿ.ಮೀ. ಅಳತೆಯ ಕ್ಯೂಬ್ ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು ಯಂತ್ರದಲ್ಲಿ ಒತ್ತಿದರೆ ಅದು ಸುಮಾರು 45 ಟನ್ ಭಾರ ತಡೆಯಬೇಕು. ಒಂದು ಮಾದರಿಗೆ ಮೂರು ಕ್ಯೂಬ್. ಯಾವುದೇ ಒಂದರ ಫಲಿತಾಂಶ ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ಆಚೀಚೆಯಾದರೆ ಆ ಮಾದರಿಯನ್ನು ಒಪ್ಪುವಂತಿಲ್ಲ. ಸಿವಿಲ್ ಎಂಜಿನಿಯರಿಂಗ್ ಪದವಿಗೆ ಸೇರಿದ ಪ್ರತಿಯೊಬ್ಬರೂ ಕೈಯಾರೆ ಮಾಡಲೇಬೇಕಾದ ಪರೀಕ್ಷೆಯಿದು. ಆದರೆ ಸೀನಿಯರುಗಳ ಲ್ಯಾಬ್ ರೆಕಾರ್ಡ್ ನೋಡಿ ಅಂಕಿ ಇಳಿಸಿಕೊಳ್ಳುವ ರೂಢಿ ಎಷ್ಟು ಹಬ್ಬಿದೆ ಎಂಬುದು ಕಲಿಸುವವರಿಗೂ ಕಲಿಯುವವರಿಗೂ ಗೊತ್ತು.

ಹೀಗೆ ಕಲಿತವರು ನಾಳೆ ಸೈಟಿನಲ್ಲಿ ನಿಂತಾಗ ಏನಾಗುತ್ತದೆ? 0.5 ನೀರು-ಸಿಮೆಂಟ್ ಅನುಪಾತದಲ್ಲಿ 50 ಕೆ.ಜಿ. ಮೂಟೆಗೆ ಬೇಕಾದದ್ದು 25 ಲೀಟರ್ ನೀರು. ಮಾಲು ಸಲೀಸಾಗಿ ಹರಿಯಲೆಂದು ಇನ್ನೈದು ಲೀಟರ್ ಸುರಿದರೆ ಅನುಪಾತ 0.6ಕ್ಕೆ ಏರುತ್ತದೆ, ಬಲ ಗಣನೀಯವಾಗಿ ಕುಸಿಯುತ್ತದೆ. ಸಿಮೆಂಟಿನೊಡನೆ ಬೆರೆಯದ ನೀರು ಆರಿಹೋಗಿ ಒಳಗೆ ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತದೆ. ಅವುಗಳ ಮೂಲಕ ತೇವ, ಇಂಗಾಲದ ಡೈಆಕ್ಸೈಡ್ ಕಂಬಿಯನ್ನು ಮುಟ್ಟುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಪಿಲ್ಲರು ಒಳಗಿನಿಂದಲೇ ಸೀಳುತ್ತದೆ. ಇದೆಲ್ಲ ಗೃಹಪ್ರವೇಶದ ದಿನ ಕಾಣುವುದಿಲ್ಲ. ಹತ್ತು-ಇಪ್ಪತ್ತು ವರ್ಷ ಬೇಕು. ಆದ್ದರಿಂದಲೇ ಶಿಕ್ಷಣದ ಲೋಪ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಲೋಪಕ್ಕೆ ದೇಶ ಒಮ್ಮೆ ಭಾರೀ ಬೆಲೆ ತೆತ್ತಿದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಕುಸಿದವುಗಳಲ್ಲಿ ಬಹಳಷ್ಟರ ನೆಲಮಹಡಿ ಪಾರ್ಕಿಂಗಿಗೆಂದು ಗೋಡೆಯಿಲ್ಲದೆ ಬರೀ ಪಿಲ್ಲರುಗಳ ಮೇಲೆ ನಿಂತಿತ್ತು. ಭೂಕಂಪ ತಡೆಯುವ ವಿನ್ಯಾಸದ ಸಂಹಿತೆಗಳು ಆಗಲೇ ಇದ್ದವು. ಆದರೆ ಪದವಿ ತರಗತಿಗಳಲ್ಲಿ ಅವುಗಳ ಪಾಠ ಬಹುಮಟ್ಟಿಗೆ ಇರಲಿಲ್ಲ. ಈ ದುರಂತದ ಬಳಿಕ ಕಾಲೇಜು ಅಧ್ಯಾಪಕರಿಗೇ ತರಬೇತಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮವೊಂದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ 2003ರಲ್ಲಿ ಶುರುವಾಯಿತು. ಆ ಸಂಹಿತೆಗಳ ಒಂದು ನಿಯಮ ನೋಡಿ: ಪಿಲ್ಲರಿನ ರಿಂಗುಗಳ ಕೊಕ್ಕೆಯನ್ನು 135 ಡಿಗ್ರಿ ಒಳಕ್ಕೆ ಬಾಗಿಸಬೇಕು, 90 ಡಿಗ್ರಿಗೆ ಬಿಟ್ಟರೆ ನಡುಕದಲ್ಲಿ ಬಿಚ್ಚಿಕೊಳ್ಳುತ್ತದೆ. ಇದನ್ನು ಇಂದಿಗೂ ಎಷ್ಟು ಸೈಟುಗಳಲ್ಲಿ ಪಾಲಿಸುತ್ತಾರೆ, ನಿಮ್ಮ ಬೀದಿಯ ಹೊಸ ಕಟ್ಟಡದ ಕಂಬಿ ಕೆಲಸ ನೋಡಿದರೆ ತಿಳಿಯುತ್ತದೆ.

ನಮ್ಮ ರಾಜ್ಯದ ನಿದರ್ಶನಗಳೂ ಕಡಿಮೆಯಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. 2023ರ ಜನವರಿಯಲ್ಲಿ ಬೆಂಗಳೂರು ಮೆಟ್ರೊ ಕಾಮಗಾರಿಯ ಕಂಬಿಯ ಪಂಜರ ರಸ್ತೆಗೆ ಉರುಳಿ ತಾಯಿ, ಮಗು ಪ್ರಾಣ ಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಅದೇ ನಗರದ ಬಾಬುಸಾಪಾಳ್ಯದಲ್ಲಿ ಇನ್ನೊಂದು ಕಟ್ಟಡ ಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿಗೆ ಆಗ 70 ವರ್ಷ ದಾಟಿತ್ತು. ಇವುಗಳ ಕಾರಣಗಳು ಬೇರೆ ಬೇರೆ. ಎಲ್ಲದಕ್ಕೂ ಪದವಿ ಶಿಕ್ಷಣವನ್ನೇ ದೂರುವಂತಿಲ್ಲ. ಆದರೆ ದೋಷವನ್ನು ಮುಂಚೆಯೇ ಗುರುತಿಸಿ ‘ಕೆಲಸ ನಿಲ್ಲಿಸಿ’ ಎನ್ನಬಲ್ಲ ನುರಿತ ಕಣ್ಣು ಇಂಥ ಪ್ರತಿ ಜಾಗದಲ್ಲೂ ಬೇಕು.

ಆ ಕಣ್ಣುಗಳೇ ಈಗ ಕಡಿಮೆಯಾಗುತ್ತಿವೆ. ಸಿಇಟಿ ಕೌನ್ಸೆಲಿಂಗಿನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ನೂಕುನುಗ್ಗಲು, ಸಿವಿಲ್ ಸೀಟುಗಳು ಖಾಲಿ. ದಾಖಲಾತಿ ಇಲ್ಲವೆಂದು ವಿಭಾಗ ಮುಚ್ಚಿದರೆ ಅಧ್ಯಾಪಕರು, ಪ್ರಯೋಗಾಲಯ ಎರಡೂ ಹೋಗುತ್ತವೆ. ಮತ್ತೆ ಕಟ್ಟಲು ವರ್ಷಗಳೇ ಹಿಡಿಯುತ್ತವೆ. ಇತ್ತ ನಗರಗಳು ಬೆಳೆಯುತ್ತಿವೆ, ಸ್ವಾತಂತ್ರ್ಯಾನಂತರ ಕಟ್ಟಿದ ಅಣೆಕಟ್ಟು, ಸೇತುವೆಗಳು ಮುಪ್ಪಾಗುತ್ತಿವೆ. ಇಳಿಯುತ್ತಿರುವ ಎಂಜಿನಿಯರುಗಳ ಸಂಖ್ಯೆ, ಏರುತ್ತಿರುವ ಅಗತ್ಯ, ಈ ಎರಡು ಗೆರೆಗಳು ಸಂಧಿಸುವ ಹೊತ್ತಿಗೆ ಎಚ್ಚೆತ್ತರೆ ತಡವಾಗಿರುತ್ತದೆ.

ಮಾಡಬೇಕಾದದ್ದು ಸ್ಪಷ್ಟವಿದೆ. ವಿಶ್ವವಿದ್ಯಾಲಯಗಳು ಲ್ಯಾಬ್ ಪರೀಕ್ಷೆಯಲ್ಲಿ ರೆಕಾರ್ಡಿಗಿಂತ ಕೈಕೆಲಸಕ್ಕೆ ಹೆಚ್ಚು ಅಂಕ ಕೊಡಲಿ. ಪ್ರತಿ ವಿದ್ಯಾರ್ಥಿಯೂ ಕನಿಷ್ಠ ಒಂದು ಕಟ್ಟಡವನ್ನು ಪಾಯದಿಂದ ಸ್ಲ್ಯಾಬಿನವರೆಗೆ ಹತ್ತಿರದಿಂದ ನೋಡಲಿ. ಸರ್ಕಾರ ಖಾಲಿ ಬಿದ್ದ ಎಂಜಿನಿಯರ್ ಹುದ್ದೆಗಳನ್ನು ತುಂಬಲಿ, ಗುತ್ತಿಗೆದಾರರು ಹೊಸ ಪದವೀಧರರಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಲಿ. ಮನೆ ಕಟ್ಟಿಸುವ ನೀವು ಎಂಜಿನಿಯರನ್ನು ಪ್ಲಾನ್ ಮಂಜೂರಾತಿಯ ಸಹಿಗಷ್ಟೇ ಕರೆಯಬೇಡಿ. ಸ್ಲ್ಯಾಬ್ ಹಾಕುವ ದಿನವೂ ಸೈಟಿಗೆ ಕರೆಸಿ, ಕ್ಯೂಬ್ ತೆಗೆಸಿ, ಅದರ ಫಲಿತಾಂಶ ಕೇಳಿ.