ಹೊಳೆಯ ಮಡುವೂ ದೇವರ ಮೀನೂ

ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಮೀನೆಂದೊಡನೆ ಕೆರೆಯ ನೆನಪಾಗುವುದು ಸಹಜ. ಮಳೆಗೆ ತುಂಬಿ ಬೇಸಗೆಗೆ ಬತ್ತುತ್ತ ಬರುವ ಕೆರೆ. ನೀರು ಮೊಳಕಾಲಿಗಿಳಿದ ದಿನ ಊರಿಗೆ ಊರೇ ಅದರೊಳಗಿಳಿದು ಮೀನು ಹಿಡಿಯುವ ಸಡಗರ. ಘಟ್ಟವನ್ನಿಳಿದು ಪುತ್ತೂರು, ಸುಳ್ಯ, ಹಾಗೂ ಈಚೆಗೆ ಇವೆರಡರಿಂದ ಬೇರ್ಪಟ್ಟ ಕಡಬ, ಈ ಮೂರು ತಾಲ್ಲೂಕುಗಳನ್ನು ಹೊಕ್ಕವರು ಆ ಚಿತ್ರವನ್ನು ಮರೆಯಬೇಕಾಗುವುದು. ಅಲ್ಲಿ ಹೇಳಿಕೊಳ್ಳುವಂತಹ ದೊಡ್ಡ ಕೆರೆಗಳಿಲ್ಲ. ಪುತ್ತೂರಿನ ಮಹಾಲಿಂಗೇಶ್ವರನ ಕೆರೆಯೇನೋ ಪ್ರಸಿದ್ಧವಾದುದು. ಅದರಲ್ಲಿ ಮುತ್ತು ಬೆಳೆದುದರಿಂದ ಮುತ್ತೂರೆಂದು ಕರೆಯಿಸಿಕೊಂಡ ಊರು ಪುತ್ತೂರಾಯಿತೆಂದು ಐತಿಹ್ಯವುಂಟು. ಆದರೆ ಅದು ದೇವಾಲಯದ ಕೆರೆ, ಬಲೆಯ ಕೆರೆಯಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಿದು. ಆದರೂ ಏರುತಗ್ಗಿನ ಈ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಓಡುವುದು.

ಹಾಗಾದರೆ ಇಲ್ಲಿಯ ಮೀನಿಗೆ ಕೆರೆ ಯಾವುದು? ಹೊಳೆಯ ಮಡುವೇ ಕೆರೆ. ಪುಷ್ಪಗಿರಿಯ ಸಾಲಿನಲ್ಲಿ ಹುಟ್ಟಿ ಸುಬ್ರಹ್ಮಣ್ಯವನ್ನು ಬಳಸಿಕೊಂಡು ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆಯಾಗಲಿ, ಕೊಡಗಿನ ಬೆಟ್ಟಗಳಿಂದಿಳಿದು ಸುಳ್ಯದ ಪಕ್ಕದಲ್ಲಿ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸುವ ಪಯಸ್ವಿನಿಯಾಗಲಿ, ಆಷಾಢದಲ್ಲಿ ದಡ ಕಾಣದಂತೆ ಮೊರೆಯುವುವು. ಅವೇ ಹೊಳೆಗಳು ಚೈತ್ರದ ಹೊತ್ತಿಗೆ ಬಂಡೆಗಳ ನಡುವೆ ಎಳೆಯಾಗಿ ಜಾರುವ ನೀರೂ ಅಲ್ಲಲ್ಲಿ ಆಳವಾದ ಮಡುಗಳೂ ಆಗಿ ಉಳಿಯುವುವು. ತುಳುವಿನಲ್ಲಿ ಇಂಥ ಮಡುವಿಗೆ ‘ಗಯ’ವೆಂದು ಹೆಸರು. ಮಳೆಗಾಲದಲ್ಲಿ ಹತ್ತಾರು ಮೈಲಿ ಹರಡಿಕೊಂಡಿದ್ದ ಮೀನೆಲ್ಲ ಬೇಸಗೆಯಲ್ಲಿ ಈ ಕೆಲವು ಮಡುಗಳಿಗೆ ಕುಗ್ಗಿ ಬರಬೇಕು. ಹೊಳೆಯಲ್ಲಿ ಎಷ್ಟು ಮೀನುಂಟೆಂಬುದು ಜುಲೈಯ ಪ್ರವಾಹದಲ್ಲಿ ನಿರ್ಧಾರವಾಗುವುದಿಲ್ಲ. ಏಪ್ರಿಲ್ ತಿಂಗಳ ಮಡುವಿನಲ್ಲಿ ಎಷ್ಟು ಬದುಕಿ ಉಳಿಯಿತೆಂಬುದರ ಮೇಲೆ ನಿರ್ಧಾರವಾಗುವುದು.

ಈ ಮಡುಗಳಲ್ಲಿ ಕೆಲವನ್ನು ಜನರು ಬಹುಕಾಲದಿಂದ ಮುಟ್ಟದೆ ಬಿಟ್ಟಿರುವರು. ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಸ್ನಾನಘಟ್ಟ, ಸುಳ್ಯ ತಾಲ್ಲೂಕಿನಲ್ಲಿ ತೊಡಿಕಾನದ ಮಲ್ಲಿಕಾರ್ಜುನನ ಸನ್ನಿಧಿಯ ಮತ್ಸ್ಯತೀರ್ಥ, ಹೀಗೆ ದೇವರ ಹೆಸರಿನ ಮಡುಗಳು ಒಂದೆರಡಲ್ಲ. ಇವುಗಳ ಮೀನು ದೇವರ ಮೀನು, ಹಿಡಿಯುವಂತಿಲ್ಲ, ತಿನ್ನುವಂತಿಲ್ಲ. ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಹುರಿಯಕ್ಕಿಯನ್ನು ಎಸೆದು ನೋಡಿದವರಿಗೆ ಈ ಕಟ್ಟಳೆಯ ಫಲ ಕೂಡಲೇ ತಿಳಿಯುವುದು: ನೀರು ಒಮ್ಮೆಗೇ ಕುದಿದಂತಾಗಿ, ದೊಡ್ಡ ಹುರುಪೆಯ ಮೀನುಗಳು ಒಂದರ ಬೆನ್ನ ಮೇಲೊಂದು ಏರಿ ಬರುವುವು. ನಾವು ಅಲ್ಲಿ ಸ್ವಲ್ಪ ಹೊತ್ತು ಕಳೆದೆವು. ಮೀನಿಗೆ ನಮ್ಮ ಭಯ ಎಳ್ಳಷ್ಟೂ ಇರಲಿಲ್ಲ. ಈ ನಿರ್ಭಯವೇ ಮುಂದೆ ಹೇಳಲಿರುವ ಅನರ್ಥಕ್ಕೂ ಎಡೆಮಾಡುವುದೆಂದು ಆಗ ನಮಗೆ ಹೊಳೆಯಲಿಲ್ಲ.

ದೇವರ ಮೀನಿನಲ್ಲಿ ಮುಖ್ಯವಾದುದು ಮಹಸೀರ್. ಇದರ ಬಾಳುವೆಯನ್ನು ಅರಿಯಲು ಕೆರೆಯ ಮೀನಿನೊಡನೆ ಹೋಲಿಸಿ ನೋಡುವುದು ಲೇಸು. ಕೊರವ, ಮುಗುಡು ಮೊದಲಾದ ಮೀನುಗಳು ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಕುಡಿಯಬಲ್ಲವು. ಆದುದರಿಂದ ಕೆಸರಾಗಿ ಕೆಟ್ಟ ನೀರಿನಲ್ಲಿಯೂ ಅವು ಬದುಕುವುವು, ನಿಂತ ನೀರಿನಲ್ಲಿಯೇ ಮರಿಮಾಡುವುವು. ಮಹಸೀರಿಗೆ ಆ ಸೌಕರ್ಯವಿಲ್ಲ. ಅದಕ್ಕೆ ತಂಪಾದ, ಕಲ್ಲಿಗೆ ಬಡಿದು ಪ್ರಾಣವಾಯುವನ್ನು ಹೀರಿಕೊಂಡ ನೀರು ಬೇಕು. ದಡದ ಮರಗಳು ನೆರಳನ್ನು ಕೊಟ್ಟು ನೀರನ್ನು ತಂಪಾಗಿಡುವುದಲ್ಲದೆ, ಉದುರುವ ಹಣ್ಣುಗಳಿಂದ ಅದರ ಹೊಟ್ಟೆಯನ್ನೂ ಹೊರೆಯುವುವು. ಏಡಿ, ಶಂಖದ ಹುಳು, ಸಣ್ಣ ಮೀನುಗಳೂ ಅದರ ಆಹಾರವೇ. ಮೊಟ್ಟೆಯಿಡುವ ಕಾಲ ಬಂದಾಗ ಮಾತ್ರ ಅದು ಮಡುವಿನಲ್ಲಿ ನಿಲ್ಲಲೊಲ್ಲದು. ಹೊಸ ನೀರಿಗೆದುರಾಗಿ ಮೇಲಣ ತೊರೆಗಳಿಗೆ ಏರಿ, ಜಲ್ಲಿಗಲ್ಲಿನ ನಡುವೆ ಮೊಟ್ಟೆಯಿಡುವುದು. ಕಾಟ್ಲಾ, ರೋಹು ಮುಂತಾದ ಸಾಕುಮೀನುಗಳು ಮೈತೂಕದ ಒಂದೊಂದು ಕಿಲೋಗ್ರಾಮಿಗೆ ಲಕ್ಷಕ್ಕೂ ಮೀರಿ ಮೊಟ್ಟೆಯಿಡುವಲ್ಲಿ, ಮಹಸೀರ್ ಇಡುವುದು ಕೆಲವೇ ಸಾವಿರ. ಒಮ್ಮೆ ನಾಶವಾದ ಸಂತತಿಯು ಬೇಗನೆ ತುಂಬಿಕೊಳ್ಳದಿರುವುದಕ್ಕೆ ಇದೇ ಕಾರಣ.

ಈ ವಿಚಾರವನ್ನು ಈ ಜಿಲ್ಲೆಯಲ್ಲಿಯೇ ಕುಳಿತು ಮೊದಲಿಗೆ ಬರೆದಿಟ್ಟವನು ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ. ದಕ್ಷಿಣ ಕನ್ನಡದ ಮತ್ಸ್ಯಕೃಷಿಯನ್ನು ಕುರಿತ ಅವನ ವರದಿ 1870ರಲ್ಲಿ ಹೊರಬಂದಿತು. ಗಾಳದ ಬೇಟೆಯನ್ನು ಕುರಿತ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಹಸೀರ್ ತನ್ನ ಮೊಟ್ಟೆಗಳನ್ನು ಒಂದೇ ಸಲಕ್ಕೆ ಇಡದೆ ಕಂತುಕಂತಾಗಿ ಇಡುವುದೆಂದು ಅವನ ಅಭಿಪ್ರಾಯ. ಬೇಟೆಯ ಹುಚ್ಚಿನವನು ಬೇಟೆಯ ಮೃಗದ ರಕ್ಷಣೆಗೆ ನಿಲ್ಲುವುದು ವಿಚಿತ್ರವಾಗಿ ಕಂಡರೂ, ಹೊಳೆಗೆ ವಿಷ ಹಾಕುವುದನ್ನೂ ಮರಿಮೀನನ್ನು ಬಳಿದುಕೊಳ್ಳುವುದನ್ನೂ ಅವನು ಖಂಡಿಸಿದುದು ಸರಿಯಾಗಿಯೇ ಇತ್ತು. 1897ರ ಭಾರತದ ಮೀನುಗಾರಿಕೆಯ ಕಾಯಿದೆಯು ನೀರಿನಲ್ಲಿ ಸಿಡಿಮದ್ದನ್ನೂ ವಿಷವನ್ನೂ ಬಳಸುವುದನ್ನು ಅಪರಾಧವೆಂದು ಸಾರಿತು.

ಕಾಯಿದೆಯಿದ್ದರೂ ಕೈ ನಿಲ್ಲಲಿಲ್ಲ. ಹಿಂದೆ ಕಾರೆಕಾಯಿ, ಕಾಕಮಾರಿಗಳನ್ನು ಜಜ್ಜಿ ನೀರಿಗೆ ಕದಡುತ್ತಿದ್ದರು. ಅದರ ವಿಷ ಹರಿಯುವ ನೀರಿನಲ್ಲಿ ಬೇಗನೆ ತೆಳುವಾಗುತ್ತಿತ್ತು. ಮುಂದೆ ತೋಟೆ ಬಂದಿತು. ಅದು ಸಿಡಿದಾಗ ಮೀನಿನ ಒಡಲಿನ ಗಾಳಿಚೀಲ ಬಿರಿದು, ತೇಲುವುದಕ್ಕಿಂತ ಹೆಚ್ಚಾಗಿ ತಳಕ್ಕಿಳಿದು ಕೊಳೆಯುವುದು. ಇನ್ನು ಅಡಕೆಯ ತೋಟಗಳ ಮೈಲುತುತ್ತು. ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ನರು ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ರೂಢಿಗೆ ತಂದು ಅಡಕೆಯ ಬೆಳೆಗಾರರಿಗೆ ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಸಿಂಪಡಿಕೆಯ ಪಾತ್ರೆಯನ್ನು ತೊಳೆದ ನೀರು ಸಣ್ಣ ತೊರೆಗೆ ಸೇರಿದರೆ, ಅದರಲ್ಲಿರುವ ತಾಮ್ರ ಅಲ್ಪವಾಗಿದ್ದರೂ ಮೀನಿನ ಕಿವಿರುಗಳನ್ನು ಕೆಡಿಸುವುದು.

ಕಡಬದ ನೆರೆಯ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳಿಗೆ ಒದಗಿದ ಗತಿಯನ್ನು ಇಲ್ಲಿ ಹೇಳಲೇಬೇಕು. 1996ರಲ್ಲಿ ಯಾರೋ ದುರುಳರು ಅಲ್ಲಿಯ ಮಡುವಿಗೆ ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತು ತೇಲಿದುವು. ಊರವರು ಸತ್ತ ಮೀನುಗಳಿಗಾಗಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ಮನುಷ್ಯರು ಮೀನಿಗೆ ಕಲ್ಲು ನೆಟ್ಟ ಸ್ಥಳಗಳು ಲೋಕದಲ್ಲಿ ಎಷ್ಟಿರಬಹುದು? ಕೈಯಿಂದ ತಿಂದು ಪಳಗಿದ ಮೀನುಗಳೆಲ್ಲ ಒಂದೇ ಕಡೆ ನೆರೆದಿದ್ದುದರಿಂದಲೇ ಅನರ್ಥ ಅಷ್ಟು ದೊಡ್ಡದಾಯಿತು. ಕಾದಿಟ್ಟ ಮಡುವು ಬೀಜದ ಕಣಜವಿದ್ದಂತೆ. ಕಣಜ ಒಂದೇ ಆಗಿದ್ದರೆ ಒಂದು ಕಿಡಿ ಸಾಕು.

ಇನ್ನೊಂದು ಕೊರತೆಯುಂಟು, ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ದೇವರ ಕಟ್ಟಳೆ ಕಾಯುವುದು ಮಡುವನ್ನು. ಮೀನು ಮರಿಮಾಡುವುದೋ ಮಡುವಿನ ಹೊರಗೆ. ಮೊದಲ ಮಳೆಗೆ ನೀರಿಗೆದುರೇರುವ ಮೀನಿಗೆ ಮಲೆನಾಡಿಗರು ‘ಹತ್ತುಮೀನು’ ಎನ್ನುವರು. ಗದ್ದೆಯ ಅಂಚಿನಲ್ಲಿ ದೀಪ ಹಿಡಿದು ಕತ್ತಿಯಿಂದ ಕಡಿದು, ಕೂಳಿಯೊಡ್ಡಿ, ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದು ಅಲ್ಲಿ ಹಬ್ಬದಂತಹ ಕೆಲಸ. ಒಂದು ಹೊತ್ತಿನ ಸಾರಿಗೆ ನಾಲ್ಕು ಮೀನು ಹಿಡಿಯುವ ಬಡವನನ್ನು ದೂರುವುದು ನಮಗೆ ಒಪ್ಪಿಗೆಯಿಲ್ಲ. ಅವನು ಹಿಡಿದುದನ್ನು ತುಂಬಿಕೊಡುವ ಶಕ್ತಿ ಹೊಳೆಗೆ ಉಂಟು, ಹೊಳೆಯ ದಾರಿ ತೆರೆದಿರುವವರೆಗೆ. ಆ ದಾರಿಗೆ ಅಡ್ಡಲಾಗಿ ಗೋಡೆಯೆದ್ದರೆ ಮಾತು ಬೇರೆ. ಬೇಸಗೆಗೆ ಹಲಗೆಯಿಟ್ಟು ಮಳೆಗೆ ಮುಂಚೆ ತೆಗೆಯುವ ಕಿಂಡಿ ಅಣೆಕಟ್ಟುಗಳಲ್ಲಿ, ಹಲಗೆಯನ್ನು ಹೊತ್ತಿಗೆ ಸರಿಯಾಗಿ ತೆಗೆದರೆ ಮೀನಿಗೆ ಎಡೆಯುಂಟು. ಒಂದು ವಾರ ತಡವಾದರೆ ಆ ವರ್ಷದ ಏರಿಕೆಗೆ ಭಂಗ ಬರುವುದು. ಶಾಶ್ವತವಾದ ಕಟ್ಟೆಗಳಲ್ಲಿ ಆ ಎಡೆಯೂ ಇಲ್ಲ. ಕುಮಾರಧಾರೆಗೆ ನೀರೊದಗಿಸುವ ಗುಂಡ್ಯ ಹೊಳೆಯ ಜಲವಿದ್ಯುತ್ ಯೋಜನೆಗೆ ಒಪ್ಪಿಗೆ ಕೊಡಬಾರದೆಂದು ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ಸಮಿತಿ 2011ರಲ್ಲಿ ಸಲಹೆ ಮಾಡಿತ್ತು.

ಮರಿಗಳನ್ನು ಕೊಳದಲ್ಲಿ ಬೆಳೆಸಿ ಹೊಳೆಗೆ ಬಿಡಬಾರದೇಕೆಂದು ಕೇಳುವವರುಂಟು. ಮಹಾರಾಷ್ಟ್ರದ ಲೋಣಾವಳದಲ್ಲಿ 1970ರ ದಶಕದಿಂದ ಮಹಸೀರಿನ ಮರಿಗಳನ್ನು ಕೃತಕವಾಗಿ ಪಡೆದು ದೇಶದ ಅನೇಕ ನೀರುಗಳಿಗೆ ಬಿಟ್ಟರು. ಕಾವೇರಿಯಲ್ಲಿ ಹೀಗೆ ಬಂದ ಮರಿಗಳು ಹೆಚ್ಚಿದಂತೆ ಆ ನದಿಯದೇ ಆದ ಡುಬ್ಬ ಬೆನ್ನಿನ ಮಹಸೀರ್ ಅಳಿವಿನಂಚಿಗೆ ಬಂದಿತು. 2018ರಲ್ಲಿ ಅದು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯನ್ನು ಸೇರಿತು. ಆದುದರಿಂದ ಕುಮಾರಧಾರೆಗೆ ಹೊರಗಿನ ಮರಿಯನ್ನು ತರುವ ಮುನ್ನ ನೂರು ಸಲ ಯೋಚಿಸಬೇಕು. ಇಲ್ಲಿಯ ಬೀಜ ಇಲ್ಲಿಯೇ ಇದೆ, ಸ್ನಾನಘಟ್ಟದ ಮೆಟ್ಟಿಲ ಕೆಳಗೆ. ಜೂನ್ ತಿಂಗಳ ಮೊದಲ ಕೆನ್ನೀರು ಬಂದೊಡನೆ ಅದು ಮೆಟ್ಟಿಲನ್ನು ಬಿಟ್ಟು ಮೇಲಕ್ಕೆ ಹೊರಡುವುದು. ಆ ಹೊತ್ತಿನಲ್ಲಿ ಹುರಿಯಕ್ಕಿ ಎಸೆಯುವ ಯಾತ್ರಿಕರು ಅಲ್ಲಿರುವುದಿಲ್ಲ. ಮೇಲಣ ತೊರೆಗಳಲ್ಲಿ ಕಾವಲಿಗೂ ಯಾರೂ ಇರುವುದಿಲ್ಲ.